ನಂದಿಯ ಮುಂದೆ ಏದುಸಿರು

ಇವತ್ತು ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ ನಂದಿಯವರೆಗೆ ಹೋಗಿ ಕುಸಿದೆ ಎನ್ನುವುದೇ ಸರಿ. ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಬಂದ ಅಜ್ಜಿಯೊಬ್ಬರು, “ಯಾಕಪ್ಪಾ, ಉಸಿರು ಸಾಲಲಿಲ್ಲವೇ?” ಎಂದರು.

ಸಾಲದೇನು! ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟು. ಹೊರಬಿಡುವ ಗಾಳಿಯಲ್ಲೂ ಸುಮಾರು ಶೇ. 16 ಉಳಿದೇ ಇರುತ್ತದೆ. ಅಂದರೆ ಸಾಮಾನ್ಯ ಉಸಿರಿನಲ್ಲಿ ಮುಕ್ಕಾಲು ಪಾಲು ಆಮ್ಲಜನಕ ಬಂದ ದಾರಿಯಲ್ಲೇ ವಾಪಸು. ದಕ್ಕಿದ ಕಾಲುಭಾಗ ಶ್ವಾಸಕೋಶದ ಗಾಳಿಚೀಲಗಳ ತೆಳುಗೋಡೆ ದಾಟಿ, ರಕ್ತದ ಹಿಮೋಗ್ಲೋಬಿನ್ ಬೆನ್ನೇರಿ ನನ್ನ ಬಡಪಾಯಿ ತೊಡೆಗಳಿಗೆ ಹೋಗುತ್ತದೆ. ಅಲ್ಲಿಂದ ಮರಳುವ ರಕ್ತ ಇಂಗಾಲದ ಡೈಆಕ್ಸೈಡನ್ನು ಹೊತ್ತು ತರುತ್ತದೆ. ಉಸಿರಿಗಾಗಿ ಮಿದುಳನ್ನು ಹೆಚ್ಚು ಪೀಡಿಸುವುದು ಆಮ್ಲಜನಕದ ಕೊರತೆಯಲ್ಲ, ಈ ಕಸವೇ. ನಮ್ಮ ಬೀದಿಯ ಹಾಗೆ!

ಇದನ್ನೆಲ್ಲ ಅಜ್ಜಿಗೆ ವಿವರಿಸೋಣವೆಂದು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಅವರು ಕುಂಕುಮ ಮೆತ್ತಿದ ಬೆರಳುಗಳಲ್ಲೇ ಒಂದು ಚೂರು ಕಲ್ಲುಸಕ್ಕರೆ ಕೊಟ್ಟು, ಮುಂದಿನ ಮೆಟ್ಟಿಲಿಗೆ ಬಗ್ಗಿದರು.