ರಾಜಾಸೀಟಿನ ನೋಟ, 32 ಇಂಚಿನಲ್ಲಿ

ಮಡಿಕೇರಿಯ ರಾಜಾಸೀಟಿನಲ್ಲಿ ಮಂಜು ಸರಿಯುವ ಹೊತ್ತಿಗೆ ತೆಗೆದ ಏಳು ಚಿತ್ರಗಳನ್ನು ಜೋಡಿಸಿದಾಗ 9600 × 2400 ಪಿಕ್ಸೆಲ್‌ಗಳ ಪನೋರಮಾ ಸಿಕ್ಕಿತು. ಇಂಚಿಗೆ 300 ಪಿಕ್ಸೆಲ್‌ಗಳಂತೆ ಅದು 32 ಇಂಚು ಉದ್ದ, 8 ಇಂಚು ಅಗಲವಾಗುವುದರಿಂದ, ಎ4 ಗಾತ್ರದ ನನ್ನ ಇಂಕ್‌ಜೆಟ್ ಪ್ರಿಂಟರಿನಲ್ಲೇ 210 ಮಿಲಿಮೀಟರ್ ಅಗಲದ ರೋಲ್ ಕಾಗದದ ಮೇಲೆ ಮುದ್ರಿಸಬಹುದಿತ್ತು. ಪ್ರಿಂಟರನ್ನು ನಡೆಸುವ ತಂತ್ರಾಂಶವಾದ ಡ್ರೈವರಿನಲ್ಲಿ ಕಾಗದದ ಉದ್ದವನ್ನು 850 ಮಿಲಿಮೀಟರ್ ಎಂದು ನಮೂದಿಸಿದೆ, ಅಷ್ಟೆ.

ಕಾಟ ಕೊಟ್ಟದ್ದು ಕೊಡಗಿನ ಮಳೆಗಾಲ. ತೇವ ಹೀರಿದ ಕಾಗದದ ಅಂಚು ಅಲೆಯಂತೆ ಉಬ್ಬಿ, ಶಾಯಿ ಚಿಮ್ಮುವ ಪ್ರಿಂಟ್ ಹೆಡ್ಡಿಗೆ ಉಜ್ಜಿದ್ದರಿಂದ, ಬೆಟ್ಟದ ಸಾಲಿನ ಮೇಲೆ ಕಾಡಿಗೆಯಂಥ ಗೆರೆಯೊಂದು ಮೂಡಿತು. (ಮನೆಯವರಿಗೆ ಅದು ವಿದ್ಯುತ್ ತಂತಿಯಂತೆ ಕಂಡಿತಂತೆ.) ಮರುವಾರ ರೋಲನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಹೊರಬರುವ ಕಾಗದ ತನ್ನ ಭಾರಕ್ಕೇ ಜಗ್ಗದಂತೆ ಅಂಗೈಯಲ್ಲಿ ಹಿಡಿದು ಮುದ್ರಿಸಿದೆ, ಶಾಯಿ ಒಣಗಲು ಒಂದಿಡೀ ದಿನ ಬಿಟ್ಟ ಮೇಲೆಯೇ ಕಟ್ಟು ಹಾಕಿಸಿದೆ.