ಸುರುಳಿ ಬಿಚ್ಚದ ಜರೀಗಿಡ

ಕಳೆದ ಆಗಸ್ಟ್‌ನಲ್ಲಿ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ಮುಗಿಸಿ ಹೊರಬಂದವನು, ರಸ್ತೆಬದಿಯಲ್ಲಿ ಗಿಡ ಮಾರುತ್ತಿದ್ದವರೊಬ್ಬರಿಂದ ಜಡೆಕುಚ್ಚಿನಂತೆ ಇಳಿಬಿದ್ದಿದ್ದ ಹಸಿರು ಗಿಡವೊಂದನ್ನು ಕೊಂಡೆ. "ಫರ್ನ್ ಸಾರ್, ದಿನಾ ನೀರು ಹಾಕಿ" ಎಂದರು. ಜಯನಗರದ ಮನೆಗೆ ತಂದು, ಕೆಮ್ಮಣ್ಣು ಗೊಬ್ಬರ ತುಂಬಿದ ಕುಂಡದಲ್ಲಿ ನೆಟ್ಟು, ಎರಡು ಹೊತ್ತೂ ಕೊಳವೆಬಾವಿಯ ನೀರು ಸುರಿದೆ. ಮೂರನೆಯ ವಾರಕ್ಕೆ ಎರಡು ಕಾಂಡಗಳ ಬುಡ ಕಪ್ಪಾಗಿ, ಮುಟ್ಟಿದರೆ ಕೈಗೇ ಬಂದವು.

ಆ ಭಾನುವಾರ ಭೂತಗನ್ನಡಿ ಹಿಡಿದು ಕುಳಿತೆ. ಜರೀಗಿಡದ, ಅಂದರೆ ಫರ್ನ್‌ನ, ಎಳೆ ಎಲೆ ಚಕ್ಕುಲಿಯಂತೆ ಸುತ್ತಿಕೊಂಡಿದ್ದು ಮೆಲ್ಲನೆ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಸುರುಳಿಯೂ ಇರಲಿಲ್ಲ, ಎಲೆಯ ಹಿಂಬದಿಯಲ್ಲಿ ಕಂದು ಚುಕ್ಕಿಗಳೂ ಇರಲಿಲ್ಲ. ಕಾಂಡ ಕವಲೊಡೆದು ಎರಡಾಗಿ, ಪ್ರತಿ ಕವಲೂ ಮತ್ತೆ ಎರಡಾಗಿತ್ತು. ಅಗಲವಾಗಿದ್ದ ಎಲೆಗಳು ತುದಿಯ ಹತ್ತಿರ ಇದ್ದಕ್ಕಿದ್ದಂತೆ ಸಣ್ಣ ಹುರುಪೆಗಳಾಗಿ, ಹೆಣೆದ ದಾರದಂಥ ಕುಚ್ಚುಗಳಾಗಿದ್ದವು. ಒಂದು ಹುರುಪೆಯನ್ನು ಸೂಜಿಯಿಂದ ಸರಿಸಿದಾಗ ಅದರ ಕಂಕುಳಲ್ಲಿ ಹುರುಳಿಕಾಳಿನ ಆಕಾರದ, ಅದಕ್ಕಿಂತ ಎಷ್ಟೋ ಚಿಕ್ಕದಾದ ಹಳದಿ ಬೀಜಕಕೋಶ (ಬೀಜದ ಬದಲು ಗಿಡ ಹುಟ್ಟಿಸುವ ಪುಡಿಯಂಥ ಬೀಜಕಗಳ ಚೀಲ) ಕಂಡಿತು.

ಅಲ್ಲಿಗೆ ಗೊತ್ತಾಯಿತು: ಟ್ಯಾಸೆಲ್ ಫರ್ನ್ ಎಂಬ ಹೆಸರಿದ್ದರೂ ಇದು ಜರೀಗಿಡವೇ ಅಲ್ಲ, ಲೈಕೋಪೋಡಿಯಮ್ ಕುಟುಂಬದ್ದು. ಈ ವಂಶ ಜರೀಗಿಡಗಳ ವಂಶದಿಂದ 40 ಕೋಟಿ ವರ್ಷಗಳ ಹಿಂದೆಯೇ ಬೇರೆಯಾದದ್ದು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಲೈಕೋಪೋಡಿಯಮ್ ಫ್ಲೆಗ್ಮೇರಿಯ ಎಂದು ಕರೆದ ಗಿಡದ ಕುಲದ ಹೆಸರು ಮುಂದೆ ಹ್ಯುಪರ್ಜಿಯ ಆಗಿ, ಈಗ ಫ್ಲೆಗ್ಮರಿಯೂರಸ್ ಆಗಿದೆ. ಇದರ ಜೊತೆಗೇ ಮಾರಾಟಕ್ಕೆ ಬರುವ ಸ್ಕ್ವರೋಸಸ್ ಪ್ರಭೇದದಲ್ಲಿ ಎಲೆಗಳು ತುದಿಯತ್ತ ಕ್ರಮೇಣ ಚಿಕ್ಕದಾಗುತ್ತವೆಯೇ ಹೊರತು ಹೀಗೆ ಥಟ್ಟನೆ ಅಲ್ಲ. ಎರಡೂ ಪಶ್ಚಿಮಘಟ್ಟದ ತೇವದ ಕಾಡುಗಳಲ್ಲಿ, ಸೀತಾಳೆ ದಂಡೆಯ ಹಾಗೆ, ಮರದ ಮೇಲೆಯೇ ಬದುಕುವಂಥವು.

"ಹಾಗಾದರೆ ಬಂದಳಿಕೆಯೇ? ಮಾವಿನ ಮರದ ಹತ್ತಿರ ಇಡಬೇಡ" ಎಂದರು ಅಮ್ಮ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ, ಇದು ತೊಗಟೆಯ ಮೇಲಿನ ಕಸಕಡ್ಡಿ ಮತ್ತು ಮಳೆಯನ್ನಷ್ಟೇ ನಂಬಿರುತ್ತದೆ ಎಂದು ವಿವರಿಸಿದರೂ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ.

ತೊಗಟೆಯ ಮೇಲೆ ಗಾಳಿಯಾಡುತ್ತಾ ಇರಬೇಕಾದ ಬೇರನ್ನು ಕೆಮ್ಮಣ್ಣಿನಲ್ಲಿ ಹೂತು ಉಸಿರುಗಟ್ಟಿಸಿದವನು ನಾನೇ. ಕೊಳೆತ ಭಾಗ ಕತ್ತರಿಸಿ, ಉಳಿದದ್ದನ್ನು ತೊಗಟೆಚೂರು, ಇದ್ದಿಲು, ಸ್ವಲ್ಪ ಸ್ಫ್ಯಾಗ್ನಮ್ ಪಾಚಿ ಬೆರೆಸಿ ತೂಗುಬುಟ್ಟಿಗೆ ಹಾಕಿದೆ. ಪೂರ್ವದ ಬಾಲ್ಕನಿಯ ನೆರಳು, ಹಿಡಿದಿಟ್ಟ ಮಳೆನೀರು, ಪಾಚಿಯ ಮೇಲ್ಮೈ ಒಣಗತೊಡಗಿದಾಗ ಮಾತ್ರ ನೀರು. ಬೀಜಕಗಳಿಂದ ಗಿಡ ಮಾಡುವ ಆಸೆ ಬಿಟ್ಟೆ. ಅವು ಮೊಳೆತರೂ ಶಿಲೀಂಧ್ರದ ಆಸರೆಯಲ್ಲಿ ಕತ್ತಲಲ್ಲೇ ವರ್ಷಗಟ್ಟಲೆ ಕಳೆಯುತ್ತವೆ. ಬದಲಿಗೆ ನಾಲ್ಕು ಎಳೆಯ ತುದಿಗಳನ್ನು ಕತ್ತರಿಸಿ ಒದ್ದೆ ಪಾಚಿಯ ಮೇಲೆ ಮಲಗಿಸಿ, ಮೇಲೊಂದು ಪಾರದರ್ಶಕ ಡಬ್ಬಿ ಮುಚ್ಚಿದೆ.

ಸಂಕ್ರಾಂತಿಯ ಮರುದಿನ ಪಾಚಿ ಸರಿಸಿ ನೋಡಿದೆ. ಮೂರು ತುದಿಗಳು ಒಣಗಿದ್ದವು. ನಾಲ್ಕನೆಯದರ ಬುಡದಲ್ಲಿ ಅರ್ಧ ಅಂಗುಲದ ಬಿಳಿ ಬೇರೊಂದು ಮೂಡಿ, ಅದೂ ಆಗಲೇ ಎರಡಾಗಿ ಕವಲೊಡೆದಿತ್ತು.