ಒಬ್ಬ ಮನುಷ್ಯ, ಎರಡು ಕಡತ

ನನ್ನ ಚಿಕ್ಕಪ್ಪನನ್ನು ಪೊಲೀಸರು ಕರೆದೊಯ್ದದ್ದು ಒಂದು ಭಾನುವಾರ ರಾತ್ರಿ. ಕುಡಿದು ಬಂದವರು ಒಲೆಯ ಪಕ್ಕದಲ್ಲಿದ್ದ ಸೌದೆಯನ್ನೆತ್ತಿ ಚಿಕ್ಕಮ್ಮನಿಗೆ ಹೊಡೆದಿದ್ದರು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದಿತ್ತು. ಇಪ್ಪತ್ತು ವರ್ಷ ಸಹಿಸಿಕೊಂಡಿದ್ದ ಚಿಕ್ಕಮ್ಮ ಆ ದಿನ ದೂರು ಕೊಟ್ಟರು, ಕೊಟ್ಟದ್ದು ಸರಿಯಾಗಿಯೇ ಇತ್ತು. ಮರುದಿನ ನ್ಯಾಯಾಲಯಕ್ಕೆ ಹಾಜರುಪಡಿಸಿ ಚಿಕ್ಕಪ್ಪನನ್ನು ಜೈಲಿಗೆ ಕಳಿಸಿದರು. ಬುಧವಾರ ಬೆಳಿಗ್ಗೆ ನಾನು ನೋಡಲು ಹೋದಾಗ ಅವರು ಗೋಡೆಗೆ ಒರಗಿ ಕುಳಿತು, ಬೆವರಿನಿಂದ ತೊಯ್ದ ಅಂಗಿಯ ಮೇಲಿಂದ ಅಲ್ಲಿಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ನೆಲಕ್ಕೆ ಬಿಡುತ್ತಿದ್ದರು. ನನ್ನನ್ನು ಕಂಡು, "ಎತ್ತಿಗೆ ನೀರು ತೋರಿಸಿದೆಯೇನೋ?" ಎಂದು ಕೇಳಿದರು. ಆ ಎತ್ತುಗಳನ್ನು ಮಾರಿ ಹನ್ನೊಂದು ವರ್ಷವಾಗಿತ್ತು.

"ಎಣ್ಣೆ ಸಿಕ್ಕಿಲ್ಲ, ಅದಕ್ಕೇ ನಾಟಕ. ಎರಡು ದಿನ ಬಿಟ್ರೆ ತಾನೇ ಸರಿಹೋಗ್ತಾನೆ" ಎಂದು ಅಲ್ಲಿದ್ದ ಸಿಬ್ಬಂದಿಯೊಬ್ಬರು ಹೇಳಿದರು. ಅವರ ದನಿಯಲ್ಲಿ ಕ್ರೌರ್ಯವೇನೂ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದೇ ಅಷ್ಟು. ಆಗ ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಆಮೇಲೆ ವೈದ್ಯರು ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ವರ್ಷಗಟ್ಟಲೆ ಬೆಳಗಿನಿಂದಲೇ ಕುಡಿಯುವವನ ಮಿದುಳು ಆ ಮಂದತನವನ್ನು ಎದುರಿಸಲು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡೇ ಬದುಕಲು ಕಲಿತಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಉದ್ರೇಕವಷ್ಟೇ ಕಡಿವಾಣವಿಲ್ಲದೆ ಉಳಿಯುತ್ತದೆ. ಮೊದಲ ದಿನ ಕೈನಡುಕ, ಬೆವರು, ನಿದ್ದೆಗೇಡು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್. ಎರಡು ಮೂರು ದಿನ ಕಳೆಯುವ ಹೊತ್ತಿಗೆ ಕೆಲವರಿಗೆ ಕಾಲ, ಸ್ಥಳಗಳ ಪರಿವೆಯೇ ತಪ್ಪುವ ಸನ್ನಿ. ವೈದ್ಯರು ಇದನ್ನು ಡೆಲಿರಿಯಮ್ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾಯುವವರಿದ್ದಾರೆ. ಸಿಕ್ಕರೆ, ಮಿದುಳನ್ನು ಶಾಂತಗೊಳಿಸುವ ಲೊರಾಜೆಪಾಮ್ ಅಥವಾ ಡಯಾಜೆಪಾಮ್ ಕೊಟ್ಟು ದಿನದಿನಕ್ಕೆ ಪ್ರಮಾಣ ಇಳಿಸುತ್ತ, ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು ಹಾಕಿದರೆ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಇವು ದುಬಾರಿ ಔಷಧಗಳೇನಲ್ಲ.

ಬಂಧಿತರನ್ನು ವೈದ್ಯರಿಂದ ಪರೀಕ್ಷೆ ಮಾಡಿಸಬೇಕೆಂದು ಕಾನೂನೇ ಹೇಳುತ್ತದೆ. ಚಿಕ್ಕಪ್ಪನನ್ನೂ ಭಾನುವಾರ ರಾತ್ರಿ ಪರೀಕ್ಷಿಸಿದ್ದರು. ಆ ಹಾಳೆಯ ಪ್ರತಿಯನ್ನು ನಾನು ನಂತರ ನೋಡಿದೆ. ಮೈಮೇಲೆ ಹೊಸ ಗಾಯಗಳಿಲ್ಲ, ಬಾಯಿಯಲ್ಲಿ ಮದ್ಯದ ವಾಸನೆ ಇದೆ: ಇಷ್ಟೇ. ವಾಸನೆಯನ್ನು ದಾಖಲಿಸಿದ್ದು ಸಾಕ್ಷ್ಯವಾಗಿ, ರೋಗಲಕ್ಷಣವಾಗಿ ಅಲ್ಲ. ದಿನಕ್ಕೆ ಎಷ್ಟು ಕುಡಿಯುತ್ತೀರಿ, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಎಂದಾದರೂ ಬಿಟ್ಟಾಗ ನಡುಕವೋ ಫಿಟ್ಸೋ ಬಂದಿತ್ತೇ ಎಂಬ ಮೂರು ಪ್ರಶ್ನೆ ಕೇಳಿದ್ದರೆ, ಬುಧವಾರ ಏನಾಗಬಹುದೆಂಬುದನ್ನು ಭಾನುವಾರವೇ ಊಹಿಸಬಹುದಿತ್ತು.

ಈ ಲೋಪಕ್ಕೆ ಒಬ್ಬ ವೈದ್ಯರನ್ನೋ ಒಬ್ಬ ಪೇದೆಯನ್ನೋ ದೂರಿ ಪ್ರಯೋಜನವಿಲ್ಲ ಎಂದು ನಾನು ನಂಬುತ್ತೇನೆ. ನಮ್ಮ ರಾಜ್ಯದಲ್ಲಿ ಮದ್ಯವೆಂಬುದು ಅಬಕಾರಿ ಇಲಾಖೆಯ ವಿಷಯ, ಗಲಾಟೆಯಾದರೆ ಪೊಲೀಸರ ವಿಷಯ. ಲಿವರ್ ಕೈಕೊಟ್ಟ ಮೇಲಷ್ಟೇ ಅದು ಆರೋಗ್ಯದ ವಿಷಯ. ಸಂವಿಧಾನದ 47ನೆಯ ವಿಧಿಯನ್ನು ಓದಿದವರಿಗೆ ಇದು ವಿಚಿತ್ರವಾಗಿ ಕಾಣಬೇಕು. ಪೌಷ್ಟಿಕತೆಯ ಮಟ್ಟವನ್ನು ಹೆಚ್ಚಿಸುವುದು, ಸಾರ್ವಜನಿಕ ಆರೋಗ್ಯವನ್ನು ಸುಧಾರಿಸುವುದು ಎಂಬ ಮಾತುಗಳ ಬೆನ್ನಿಗೇ ಅಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಪ್ರಸ್ತಾಪ ಬರುತ್ತದೆ. ಬರೆದವರು ಅದನ್ನು ಆರೋಗ್ಯದ ಸಾಲಿನಲ್ಲೇ ಇಟ್ಟಿದ್ದರು. ನಾವು ಅದನ್ನು ಅಲ್ಲಿಂದ ಕಿತ್ತು ಬೊಕ್ಕಸದ ಸಾಲಿನಲ್ಲಿ ನೆಟ್ಟೆವು. 2025-26ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ.

ಹಾಗಾದರೆ ಮದ್ಯದಂಗಡಿಗಳನ್ನೇ ಮುಚ್ಚಿಬಿಡಿ ಎನ್ನುವವರಿದ್ದಾರೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದ ಸಾವಿರಾರು ಹೆಣ್ಣುಮಕ್ಕಳು ಕೇಳಿದ್ದೂ ಅದನ್ನೇ, ಅವರ ಸಿಟ್ಟಿನ ಒಂದು ಪಾಲು ನನ್ನ ಚಿಕ್ಕಮ್ಮನ ಹುಬ್ಬಿನ ಮೇಲೂ ಇದೆ. ಆದರೂ 2007ರ ಜುಲೈ 1ರಂದು ಸಾರಾಯಿ ನಿಷೇಧವಾದದ್ದನ್ನು ನಮ್ಮೂರಿನಲ್ಲಿ ಕಂಡವನು ನಾನು. ಹಲ್ಲಿನಿಂದ ಮೂಲೆ ಕಚ್ಚಿ ಹರಿಯುತ್ತಿದ್ದ ಪ್ಯಾಕೆಟ್ಟುಗಳು ಕೆಲವು ವಾರ ಮಾಯವಾದವು, ಮನೆಗಳಲ್ಲಿ ಒಂದಿಷ್ಟು ನೆಮ್ಮದಿಯೂ ಬಂತು. ಬಳಿಕ ಚಿಕ್ಕಪ್ಪನಂಥವರು ಹೆಚ್ಚು ಬೆಲೆ ತೆತ್ತು ಕಡಿಮೆ ದರ್ಜೆಯ ವಿಸ್ಕಿಗೆ ಹೋದರು, ಗೂಡಂಗಡಿಗಳಲ್ಲಿ ಕದ್ದು ಮಾರುವ ಕ್ವಾರ್ಟರ್ ಬಾಟಲಿಗಳು ಬಂದವು. ವರ್ಷ ತುಂಬುವ ಮುನ್ನವೇ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರಿನ ಅಂಚು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದದ್ದು ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಸುಡುತ್ತದೆ. ಕಳ್ಳಭಟ್ಟಿಯ ದುರಂತಗಳಿಗೆ ನಿಷೇಧವೊಂದೇ ಕಾರಣವೆಂದೂ ನಾನು ಹೇಳಲಾರೆ, ಏಕೆಂದರೆ ಸಾರಾಯಿ ಮುಕ್ತವಾಗಿ ಮಾರಾಟವಾಗುತ್ತಿದ್ದ 1981ರಲ್ಲೇ ಬೆಂಗಳೂರಿನಲ್ಲಿ ಮುನ್ನೂರರಷ್ಟು ಜನ ಹೀಗೆಯೇ ಸತ್ತಿದ್ದರು. ಅಂಗಡಿ ತೆರೆದಿರಲಿ ಮುಚ್ಚಿರಲಿ, ಚಟಕ್ಕೆ ಬಿದ್ದವನಿಗೆ ಚಿಕಿತ್ಸೆಯ ಬಾಗಿಲು ತೆರೆಯದಿದ್ದರೆ ಅವನು ಇನ್ನೊಂದು ಬಾಗಿಲನ್ನು ಹುಡುಕಿಕೊಳ್ಳುತ್ತಾನೆ.

ಚಿಕಿತ್ಸೆಯ ಆ ಬಾಗಿಲು ಎಷ್ಟು ಕಿರಿದು ಎಂಬುದಕ್ಕೆ ಒಂದು ಲೆಕ್ಕ ಸಾಕು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಾವಲಂಬನೆಗೆ ಒಳಗಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರ ಪಾಲಿಗೆ ಹರಕೆ, ಆಣೆ, ಪತ್ರಿಕೆಯ ಜಾಹೀರಾತಿನ ಪುಡಿ. ಧರ್ಮಸ್ಥಳದ ಕಡೆಯಿಂದ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಕುಡಿತ ಬಿಟ್ಟ ಇಬ್ಬರು ನಮ್ಮೂರಿನಲ್ಲೇ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಶಿಬಿರಕ್ಕೆ ಮನಸ್ಸು ಮಾಡಿ ಹೋಗಬೇಕು, ಸೆರೆಯಲ್ಲಿ ನಡುಗುತ್ತಿರುವವನು ಎಲ್ಲಿಗೂ ಹೋಗಲಾರ.

ಗಾಂಜಾ, ಮಾತ್ರೆ, ಹೆರಾಯಿನ್ ಮುಂತಾದ ಮಾದಕ ವಸ್ತುಗಳ ವಿಷಯದಲ್ಲಿ ಕಾನೂನು ಕಠಿಣವಾಗಿದ್ದರೂ ಒಂದು ಕಿಟಕಿಯನ್ನು ತೆರೆದಿಟ್ಟಿದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 64-ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಯನ್ನು ಪೂರ್ಣಗೊಳಿಸಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಒಂದು ಕಿಲೋದೊಳಗಿನ ಗಾಂಜಾದೊಂದಿಗೆ ಸಿಕ್ಕಿಬಿದ್ದ ಹುಡುಗನ ತಂದೆ ತಾಯಿಗೆ ಇದನ್ನು ಠಾಣೆಯಲ್ಲೇ ಯಾರಾದರೂ ಹೇಳಬೇಕು.

ಚಿಕ್ಕಪ್ಪ ಹೊಡೆದದ್ದನ್ನು ರೋಗದ ಹೆಸರಿನಲ್ಲಿ ಮನ್ನಿಸಬೇಕೆಂದು ನಾನು ಎಲ್ಲಿಯೂ ಕೇಳುತ್ತಿಲ್ಲ. ತಾನಾಗಿ ಕುಡಿದವನ ಅಮಲನ್ನು ಕಾನೂನು ನೆಪವಾಗಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಶಿಕ್ಷೆಯ ದಾರಿ ಶಿಕ್ಷೆಯದಾಗಿರಲಿ. ಆದರೆ ಅದೇ ವೇಳೆ ಆ ದೇಹಕ್ಕೆ ವೈದ್ಯ ಬೇಕು, ಬಿಡುಗಡೆಯಾದ ಮೇಲೆ ಮತ್ತೆ ಅದೇ ಅಂಗಡಿಯ ಮುಂದೆ ಹಾದು ಅದೇ ಮನೆಗೆ ಹೋಗುವವನ ಹಿಂದೆ ಆರೋಗ್ಯ ಇಲಾಖೆಯ ಒಬ್ಬರಾದರೂ ಇರಬೇಕು. ಇದನ್ನೇ ನಾನು ಹೆಂಡತಿ ಮಕ್ಕಳ ರಕ್ಷಣೆ ಎಂದೂ ಕರೆಯುತ್ತೇನೆ. ಇದು ಆಗದ ಕೆಲಸವೇನಲ್ಲ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರೆ ಮನೋರೋಗಕ್ಕೆ ಊರ ಹತ್ತಿರದಲ್ಲೇ ಔಷಧ ಸಿಗಬಲ್ಲದು ಎಂದು ಅದು ತೋರಿಸಿಕೊಟ್ಟಿತು. ಆ ತರಬೇತಿಯನ್ನು ಠಾಣೆಯ ಮತ್ತು ಜೈಲಿನ ಬಾಗಿಲಿಗೆ ಕೊಂಡೊಯ್ಯುವುದಷ್ಟೇ ಉಳಿದಿರುವುದು.

ಆ ಬುಧವಾರ ಮಧ್ಯಾಹ್ನ ಚಿಕ್ಕಪ್ಪನಿಗೆ ಫಿಟ್ಸ್ ಬಂತು, ಆಮೇಲೆ ಆಸ್ಪತ್ರೆಗೆ ಸಾಗಿಸಿದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಹಣೆಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಚಿಕ್ಕಮ್ಮ, "ಬುದ್ಧಿ ಬರ್ಲಿ ಅಂತ ಕಂಪ್ಲೇಂಟ್ ಕೊಟ್ಟೆ ಕಣಪ್ಪ, ಸಾಯ್ಲಿ ಅಂತ ಅಲ್ಲ" ಎಂದರು. ಚಿಕ್ಕಪ್ಪ ಉಳಿದರು. ಪ್ರಕರಣ ಇನ್ನೂ ನಡೆಯುತ್ತಿದೆ. ನ್ಯಾಯಾಲಯದ ಕಾಗದಗಳಲ್ಲಿ ಅವರ ಕಾಯಿಲೆಯ ಒಂದು ಮಾತೂ ಇಲ್ಲ, ಆಸ್ಪತ್ರೆಯ ಚೀಟಿಯಲ್ಲಿ ಮನೆಯಲ್ಲಿ ನಡೆದ ಹೊಡೆತದ ಒಂದು ಮಾತೂ ಇಲ್ಲ. ಎರಡನ್ನೂ ಚಿಕ್ಕಮ್ಮ ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟಿದ್ದಾರೆ.